ಮುದ್ದೇನಹಳ್ಳಿಗೆ ಬಸ್ಸು ಹತ್ತುವ ಮುನ್ನ ಒಂದು ಗೇಟು ಮಾಡಿ

ಸಂಪಾದಕರಿಗೆ,

ಮಾನ್ಯರೇ,

ದಸರಾ ರಜೆ ಮುಗಿಯುತ್ತಿದ್ದಂತೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಶುರುವಾಗುತ್ತದೆ. ಬೆಂಗಳೂರು ಕಡೆ ಹೊರಡುವವರು ನಂದಿಬೆಟ್ಟದ ಜೊತೆಗೆ ಮುದ್ದೇನಹಳ್ಳಿಯನ್ನೂ ಸೇರಿಸಿಕೊಳ್ಳುವುದುಂಟು. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರು ಹುಟ್ಟಿದ ಮನೆಯೇ ಈಗ ಸಣ್ಣ ವಸ್ತುಸಂಗ್ರಹಾಲಯ. ಮಕ್ಕಳನ್ನು ಕರೆದೊಯ್ಯಬೇಕಾದ ಜಾಗವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋಗುವ ಕ್ರಮದ ಬಗ್ಗೆ ನಮ್ಮ ತಕರಾರಿದೆ. ಅರ್ಧ ಗಂಟೆ ನಿಲುಗಡೆ, ಐವತ್ತು ಮಕ್ಕಳು ಒಟ್ಟಿಗೆ ಒಳಗೆ, ಪೇಟ-ಕೋಟಿನ ಚಿತ್ರದೆದುರು ಒಂದು ಫೋಟೊ, ಮತ್ತೆ ಬಸ್ಸು. ಹೋದ ಪುಟ್ಟ, ಬಂದ ಪುಟ್ಟ.

ವಿಶ್ವೇಶ್ವರಯ್ಯನವರೆಂದರೆ ಮಕ್ಕಳಿಗೆ ಗೊತ್ತಿರುವುದು ಎರಡು ಮೇಣದಬತ್ತಿಯ ಕಥೆ ಮತ್ತು ರೈಲು ನಿಲ್ಲಿಸಿದ ಕಥೆ. ಶಿವಮೊಗ್ಗದ ಮಕ್ಕಳಾದರೆ ಭದ್ರಾವತಿ ಕಾರ್ಖಾನೆಗೆ ಅವರ ಹೆಸರಿದೆಯೆಂದೂ ಹೇಳುತ್ತಾರೆ. ಕಥೆಗಳು ಬೇಡವೆನ್ನುವುದಿಲ್ಲ. ಆದರೆ ‘ಅವರು ಏನನ್ನು ಕಂಡುಹಿಡಿದರು?’ ಎಂದು ಕೇಳಿದರೆ ‘ಕನ್ನಂಬಾಡಿ ಕಟ್ಟೆ’ ಎಂಬ ಉತ್ತರ ಬರುತ್ತದೆ. ಕಟ್ಟೆ ಕಟ್ಟಿಸುವುದು ಬೇರೆ, ಕಂಡುಹಿಡಿಯುವುದು ಬೇರೆ. ಅವರು ಪೇಟೆಂಟ್ ಪಡೆದದ್ದು ತಾನಾಗಿಯೇ ತೆರೆದು ತಾನಾಗಿಯೇ ಮುಚ್ಚಿಕೊಳ್ಳುವ ಗೇಟಿಗೆ. ಗಾಜಿನ ಪೆಟ್ಟಿಗೆಯಲ್ಲಿರುವ ಕನ್ನಡಕ ನೋಡಿದರೆ ಅದು ಅರ್ಥವಾಗುವುದಿಲ್ಲ. ನೀರು, ತೂಕ, ದಾರ ಇಟ್ಟುಕೊಂಡು ಕೈಯಾರೆ ಮಾಡಿದರೆ ಎರಡು ಪೀರಿಯಡ್‌ನಲ್ಲಿ ಅರ್ಥವಾಗುತ್ತದೆ.

ಮೊದಲು ಸಮಸ್ಯೆ ಏನಿತ್ತೆಂದು ಹೇಳಬೇಕು. ಆಗ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯ ಪ್ರತಿ ಮಳೆಗಾಲದಲ್ಲೂ ಕೋಡಿ ಬೀಳುತ್ತಿತ್ತು. ಕೋಡಿ ಬೀಳುವುದೆಂದರೇನೆಂದು ಮಲೆನಾಡಿನ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಕೋಡಿಯ ಮೇಲೆ ಆರೆಂಟು ಅಡಿ ನೀರು ಸುಮ್ಮನೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಹಾಗೆಂದು ಕೋಡಿಯನ್ನೇ ಕಲ್ಲು ಕಟ್ಟಿ ಎಂಟಡಿ ಎತ್ತರಿಸಿದರೆ, ನೆರೆ ಬಂದಾಗ ನೀರು ಆ ಎತ್ತರದ ಮೇಲೆ ಮತ್ತೆ ಅಷ್ಟೇ ಏರುತ್ತದೆ. ಹಳೆಯ ಅಣೆಕಟ್ಟು ಆ ಒತ್ತಡ ತಾಳಲಾರದು. ಬೇಕಾಗಿದ್ದದ್ದು ನೆರೆ ಇಲ್ಲದಾಗ ಗೋಡೆಯಂತೆ ನಿಂತು, ನೆರೆ ಬಂದಾಗ ಇಲ್ಲದಂತಾಗುವ ಒಂದು ತಡೆ. ನಡುರಾತ್ರಿ ಮಳೆ ಜೋರಾದರೆ ಎದ್ದು ಬಂದು ಗೇಟು ಎತ್ತುವ ಆಳನ್ನು ನಂಬಿಕೊಳ್ಳುವಂತಿರಲಿಲ್ಲ.

1903ರಲ್ಲಿ ಆ ಕೋಡಿಯ ಮೇಲೆ ಅವರ ಸ್ವಯಂಚಾಲಿತ ಗೇಟುಗಳು ಬಂದವು. ಕೋಡಿಯಿಂದ ಎಂಟಡಿಯವರೆಗೆ ನೀರನ್ನು ತಡೆದು ನಿಲ್ಲಿಸುತ್ತಿದ್ದವು. ಅದಕ್ಕಿಂತ ಏರಿದರೆ ತೆರೆದುಕೊಳ್ಳುತ್ತಿದ್ದವು, ನೆರೆ ಇಳಿದು ಮತ್ತೆ ಎಂಟಡಿಗೆ ಬಂದರೆ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟನ್ನು ಎತ್ತರಿಸದೆ ಸಂಗ್ರಹವನ್ನು ಸುಮಾರು ಕಾಲುಭಾಗ ಹೆಚ್ಚಿಸುವುದು ಅವರ ಲೆಕ್ಕವಾಗಿತ್ತು. ಇದೇ ವ್ಯವಸ್ಥೆ ಆಮೇಲೆ ಗ್ವಾಲಿಯರ್‌ನ ತಿಗ್ರಾದಲ್ಲೂ ನಮ್ಮ ಕೃಷ್ಣರಾಜಸಾಗರದಲ್ಲೂ ಬಂತು.

ಎಂಟಡಿ ನೀರು ಎಂದರೆ ಎಷ್ಟು ಬಲ? ಲೆಕ್ಕ ಸುಲಭ. ಆಳವನ್ನು ಆಳದಿಂದಲೇ ಗುಣಿಸಿ, ಅದನ್ನು ಅಗಲದಿಂದ ಗುಣಿಸಿ, ಅರ್ಧ ಮಾಡಿ. ಮೀಟರಿನಲ್ಲಿ ಹಾಕಿದರೆ ಉತ್ತರ ಟನ್‌ನಲ್ಲಿ, ಸೆಂಟಿಮೀಟರಿನಲ್ಲಿ ಹಾಕಿದರೆ ಗ್ರಾಂನಲ್ಲಿ. ಎಂಟಡಿ ಅಂದರೆ 2.44 ಮೀಟರು, ಗೇಟಿನ ಪ್ರತಿ ಮೀಟರು ಅಗಲಕ್ಕೆ ಸುಮಾರು ಮೂರು ಟನ್. ಆಳ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಒಂಬತ್ತನೇ ತರಗತಿಯ ಮಗುವಿಗೆ ಈ ಒಂದು ಲೆಕ್ಕ ಕೈಗೆ ಬಂದರೂ ಪ್ರವಾಸದ ಅರ್ಧ ಖರ್ಚು ಬಂದಂತೆ.

ಈಗ ಆಟಿಕೆ ಗೇಟಿನ ವಿಚಾರ. ಇದು ಖಡಕ್‌ವಾಸ್ಲಾದ ಯಂತ್ರದ ಪಡಿಯಚ್ಚಲ್ಲ. ಏರಿದ ನೀರೇ ತೂಕವಾಗಿ ಗೇಟು ಎತ್ತುತ್ತದೆ ಎಂಬುದನ್ನು ತೋರಿಸಲು ಇಷ್ಟು ಸಾಕು.

ನೆಟ್ಟಗಿನ ಗೋಡೆಯಿರುವ ಆಯತಾಕಾರದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ, ಸುಮಾರು 60 ಸೆಂ.ಮೀ. ಉದ್ದ, 40 ಅಗಲ. ಒಂದು ಬದಿಯಲ್ಲಿ ಅಂಚಿನಿಂದ ಕೆಳಕ್ಕೆ 8 ಸೆಂ.ಮೀ. ಆಳ, 5 ಸೆಂ.ಮೀ. ಅಗಲದ ಕಂಡಿಯನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿರಿ. ಅದೇ ಕೋಡಿ. ಕಂಡಿಯ ಎರಡೂ ಬದಿಗೆ ಜಾರುವ ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಚಾನೆಲಿನ ತುಂಡುಗಳನ್ನು ಸಿಲಿಕಾನಿನಿಂದ ಅಂಟಿಸಿ, ಒಂದು ರಾತ್ರಿ ಒಣಗಲು ಬಿಡಿ. ಚಾನೆಲಿನಲ್ಲಿ ಸರಾಗವಾಗಿ ಜಾರುವಂತೆ 6 ಸೆಂ.ಮೀ. ಎತ್ತರದ ಅಕ್ರಿಲಿಕ್ ಹಲಗೆ ಕತ್ತರಿಸಿ. ಅದು ತೀರ ಹಗುರ, ಇಪ್ಪತ್ತು ಗ್ರಾಂ ಆಸುಪಾಸು. ಮೇಲಂಚಿಗೆ ನಟ್ಟು-ಬೋಲ್ಟು ಬಿಗಿದು ಒಟ್ಟು 100 ಗ್ರಾಂ ಮಾಡಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ ಸಾಕು.

ಗೇಟಿನ ನೇರ ಮೇಲೊಂದು, ಟಬ್ಬಿನ ಹೊರಗೊಂದು, ಹೀಗೆ ಎರಡು ಸಣ್ಣ ರಾಟೆ ಬೇಕು. ಚಾವಣಿಗೆ ತೂಗುಹಾಕಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ರಾಟೆಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ದಾರ ಹತ್ತಿಯದು ಬೇಡ. ನೆನೆದರೆ ಉದ್ದ ಬದಲಾಗುತ್ತದೆ. ಮೀನಿನ ಗಾಳದ ನೈಲಾನ್ ದಾರ ಹಾಕಿ. ಗೇಟಿಗೆ ಕಟ್ಟಿದ ದಾರ ರಾಟೆಗಳ ಮೇಲೆ ಹಾದು ಇನ್ನೊಂದು ತುದಿಯಲ್ಲಿ ಒಂದು ಪ್ಲಾಸ್ಟಿಕ್ ಲೋಟವನ್ನು ಹೊರಬೇಕು. ಕಟ್ಟಿದ ದಾರವೂ ಸೇರಿ ಲೋಟದ ತೂಕ 20 ಗ್ರಾಂ ಇರಲಿ. ಲೋಟದ ತಳದಲ್ಲಿ 4 ಮಿ.ಮೀ. ತೂತು. ಸುಮಾರು 130 ಮಿ.ಲೀ. ತುಂಬುವ ಮಟ್ಟದಲ್ಲಿ ಪಕ್ಕಕ್ಕೆ ಇನ್ನೊಂದು ದೊಡ್ಡ ತೂತು.

ಉಳಿದದ್ದು ನೀರಿನ ದಾರಿ. ಟಬ್ಬಿನ ಗೋಡೆಗೆ ಅರ್ಧ ಇಂಚಿನ ಪೈಪು ತೂರಿಸಿ, ಒಳಗಡೆ ಎಲ್ಬೋ ಹಾಕಿ ಬಾಯಿಯನ್ನು ಮೇಲ್ಮುಖ ಮಾಡಿ. ಆ ಬಾಯಿಯ ಅಂಚು ಕೋಡಿಯ ಮಟ್ಟದಿಂದ 4.5 ಸೆಂ.ಮೀ. ಮೇಲಿರಲಿ, ಅಂದರೆ ಗೇಟಿನ ತುದಿಗಿಂತ ಒಂದೂವರೆ ಸೆಂ.ಮೀ. ಕೆಳಗೆ. ಹೊರಗಿನ ತುದಿ ಕೆಳಮುಖವಾಗಿ, ನೇರ ಲೋಟದ ನಡುವಿಗೆ ಬೀಳಬೇಕು. ಟಬ್ಬನ್ನು ಸ್ಟೂಲಿನ ಮೇಲಿಡಿ, ಇಲ್ಲದಿದ್ದರೆ ಲೋಟ ಇಳಿಯಲು ಜಾಗವಿರುವುದಿಲ್ಲ.

ನಲ್ಲಿ ಬಿಡಿ. ನೀರು ಕೋಡಿ ಮಟ್ಟ ದಾಟಿ ಗೇಟಿಗೆ ಒರಗುತ್ತದೆ. 5 ಸೆಂ.ಮೀ. ನಿಂತಾಗ ಗೇಟಿನ ಮೇಲಿನ ಬಲ, ಮೇಲಿನ ಲೆಕ್ಕದಂತೆ, 62 ಗ್ರಾಂ ಚಿಲ್ಲರೆ. ಅದು ಗೇಟನ್ನು ಚಾನೆಲಿಗೆ ಒತ್ತುವುದರಿಂದ ಬರುವ ತಿಕ್ಕಾಟವನ್ನು ಅದರ ಮೂರರಲ್ಲೊಂದು ಪಾಲು, ಅಂದರೆ ಸುಮಾರು 20 ಗ್ರಾಂ ಎಂದಿಟ್ಟುಕೊಳ್ಳಿ. ಗೇಟು ಏಳಬೇಕಾದರೆ ಲೋಟ ಮತ್ತು ಅದರ ನೀರು ಸೇರಿ 100ಕ್ಕೆ 20 ಕೂಡಿಸಿ 120 ಗ್ರಾಂ ದಾಟಬೇಕು. ಲೋಟದಲ್ಲಿ 100 ಮಿ.ಲೀ. ನೀರು. ಮುಚ್ಚಬೇಕಾದರೆ 100ರಲ್ಲಿ 20 ಕಳೆದು 80ಕ್ಕೆ ಇಳಿಯಬೇಕು. ಲೋಟದಲ್ಲಿ 60 ಮಿ.ಲೀ. ಇಳಿಯುವಾಗಲೂ ಏರುವಾಗಲೂ ತಿಕ್ಕಾಟ ವಿರುದ್ಧವೇ, ಅದಕ್ಕೇ ಎರಡು ಬೇರೆ ಅಂಕಿ. ನೀರು ಪೈಪಿನ ಬಾಯಿಗಿಂತ ಅರ್ಧ ಸೆಂ.ಮೀ. ಏರಿದರೆ ಸೆಕೆಂಡಿಗೆ ಸುಮಾರು 30 ಮಿ.ಲೀ. ಲೋಟಕ್ಕೆ ಬರುತ್ತದೆ, ತಳದ ತೂತಿನಿಂದ ಏಳೆಂಟು ಮಿ.ಲೀ. ಹೋಗುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಗೇಟು ಎದ್ದು ನಿಲ್ಲುತ್ತದೆ. ಮಟ್ಟ ಇಳಿದು ಪೈಪು ಬತ್ತಿದ ಮೇಲೆ ಲೋಟ ಖಾಲಿಯಾಗುತ್ತಾ ಗೇಟು ತಾನಾಗಿ ಕೂರುತ್ತದೆ.

ಮೊದಲ ಸಲಕ್ಕೇ ಕೆಲಸ ಮಾಡುವುದಿಲ್ಲ. ಮಾಡಬಾರದು ಕೂಡ, ಪಾಠ ಇರುವುದೇ ಅಲ್ಲಿ. ಸೋರುತ್ತದೆಂದು ಗೇಟಿನ ಅಂಚಿಗೆ ರಬ್ಬರು ಅಂಟಿಸುತ್ತಾರೆ, ತಿಕ್ಕಾಟ ಇಪ್ಪತ್ತರ ಬದಲು ಐವತ್ತಾಗಿ ಲೋಟ ತುಂಬಿದರೂ ಗೇಟು ಅಲುಗುವುದಿಲ್ಲ. ಸ್ವಲ್ಪ ಸೋರಲಿ ಬಿಡಿ. ದಾರವನ್ನು ನಟ್ಟನಡುವೆ ಕಟ್ಟದಿದ್ದರೆ ಗೇಟು ಓರೆಯಾಗಿ, ಮಳೆಗಾಲದಲ್ಲಿ ಉಬ್ಬಿದ ಮೇಜಿನ ಡ್ರಾಯರಿನಂತೆ ಸಿಕ್ಕಿಕೊಳ್ಳುತ್ತದೆ. ಪಕ್ಕದ ದೊಡ್ಡ ತೂತು ಮರೆತರೆ ಲೋಟದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ಕೂತು, ಗೇಟು ತಡವಾಗಿ ಮುಚ್ಚಿ, ನೀರು ದಂಡವಾಗುತ್ತದೆ. ಸಣ್ಣ ಟಬ್ ಬಳಸಿದರೆ ಇನ್ನೊಂದು ತಮಾಷೆ. ತೆರೆದ ಗೇಟಿನಿಂದ ಮೊದಲ ಗಳಿಗೆಯಲ್ಲಿ ಸೆಕೆಂಡಿಗೆ ಮುಕ್ಕಾಲು ಲೀಟರಿನಷ್ಟು ಹೋಗುವುದರಿಂದ, ಲೋಟ ಬರಿದಾಗುವಷ್ಟರಲ್ಲಿ ಟಬ್ಬೂ ಕೋಡಿಯವರೆಗೆ ಬರಿದು. ನಾವು ಹೇಳಿದ ಅಳತೆಯಲ್ಲಾದರೆ ಒಂದೂವರೆ ಎರಡು ಸೆಂ.ಮೀ. ಇಳಿದು ನಿಲ್ಲುತ್ತದೆ. ಜಲಾಶಯದ ಹರವು ದೊಡ್ಡದಾದಷ್ಟೂ ಗೇಟಿನ ಕುಣಿತ ಕಡಿಮೆ ಎಂಬುದು ಯಾರೂ ಹೇಳದೆಯೇ ಕಾಣುತ್ತದೆ.

ಮುಖ್ಯವಾದದ್ದು ಕಸ. ಒಂದು ಮಗುವಿನ ಕೈಗೆ ನಾಲ್ಕು ಒಣ ಎಲೆ ಕೊಟ್ಟು ಟಬ್ಬಿಗೆ ಹಾಕಲು ಹೇಳಿ. ಎಲೆಯ ಚೂರು ಲೋಟದ ತೂತಿಗೆ ಸಿಕ್ಕಿದರೆ ಗೇಟು ತೆರೆದೇ ಉಳಿದು ನೀರು ನಷ್ಟ. ಪೈಪಿನ ಬಾಯಿಗೆ ಸಿಕ್ಕಿದರೆ ಗೇಟು ತೆರೆಯುವುದೇ ಇಲ್ಲ, ನೀರು ಟಬ್ಬಿನ ಅಂಚಿನತ್ತ ಏರುತ್ತದೆ. ಮೊದಲನೆಯದು ನಷ್ಟ, ಎರಡನೆಯದು ಅಪಾಯ. ಆಷಾಢದ ಮಳೆಯಲ್ಲಿ ನಮ್ಮ ಹೊಳೆಗಳಲ್ಲಿ ತೇಲಿಬರುವ ಮರದ ತುಂಡು, ಬಿದಿರುಮೆಳೆ, ಅಡಿಕೆ ಸೋಗೆ ನೋಡಿದವರಿಗೆ ‘ಸ್ವಯಂಚಾಲಿತ’ ಎಂದರೆ ‘ನಿರ್ವಹಣೆ ಬೇಡ’ ಎಂದಲ್ಲ ಎಂಬುದು ಬೇಗ ತಿಳಿಯುತ್ತದೆ. ಪೈಪಿನ ಬಾಯಿಗೆ ಟೀ ಸೋಸುವ ಜಾಲರಿ ಕಟ್ಟಿ, ಮತ್ತೆ ಎಲೆ ಹಾಕಿ ನೋಡಲಿ.

ಕೊನೆಗೆ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿ. ನಮ್ಮ ಆಟಿಕೆಯಲ್ಲಿ ಗೇಟು ಕೆಳಗೆ ಬಿದ್ದು ಮುಚ್ಚಿಕೊಳ್ಳುತ್ತದೆ. ಎಲ್ಲ ಕಡೆ ಹಾಗಾಗುವುದಿಲ್ಲ. ಕೂಡಲಿಯಲ್ಲಿ ಸೇರಿ ಮುಂದೆ ಹೋಗುವ ನಮ್ಮದೇ ನೀರನ್ನು ಹಿಡಿಯುವ ತುಂಗಭದ್ರಾ ಅಣೆಕಟ್ಟಿನಲ್ಲಿ 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರೆಸ್ಟ್ ಗೇಟು, ಅಂದರೆ ಕೋಡಿಯ ನೆತ್ತಿಯ ಮೇಲಿನ ಗೇಟು, ಕೊಚ್ಚಿಯೇ ಹೋಯಿತು. ಹರಿಯುವ ನೀರಿನ ನಡುವೆಯೇ ಸ್ಟಾಪ್ ಲಾಗ್, ಅಂದರೆ ಒಂದರ ಮೇಲೊಂದು ಕೂರಿಸುವ ತಡೆಹಲಗೆಗಳನ್ನು, ಇಳಿಸಿ ತಡೆಯಬೇಕಾಯಿತು. ಆ ಸುದ್ದಿಯ ಕತ್ತರಿಕೆಯನ್ನು ಟಬ್ಬಿನ ಪಕ್ಕದಲ್ಲಿಟ್ಟು ಓದಿಸಿ. ಗೇಟಿನ ಬೆಲೆ ಅದರ ಕಬ್ಬಿಣದಲ್ಲಿಲ್ಲ, ಹಿಂದಿರುವ ನೀರಿನಲ್ಲಿದೆ.

ಇಷ್ಟು ಮಾಡಿದ ಮೇಲೆ ಬಸ್ಸು ಹತ್ತಿ. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ದಾರಿಯಲ್ಲಿ ತುಮಕೂರು ತಲುಪಿ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ಅಲ್ಲಿಂದ ಚಿಕ್ಕಬಳ್ಳಾಪುರದ ಕಡೆಗೆ. ಶಿವಮೊಗ್ಗದಿಂದ ಹೆಚ್ಚುಕಡಿಮೆ 300 ಕಿ.ಮೀ., ಊಟ-ತಿಂಡಿ ಸೇರಿ ಏಳು ಗಂಟೆ ಹಿಡಿಯಿರಿ. ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ. ತೆರೆದಿರುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಒಂದು ಎಚ್ಚರಿಕೆ: ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಬೇರೆ. ಅದು ಅವರ ಹೆಸರಿನ ದೊಡ್ಡ ವಿಜ್ಞಾನ ಸಂಗ್ರಹಾಲಯ, ಅವರ ಮನೆಯಲ್ಲ. ಪ್ರವಾಸದ ಪತ್ರದಲ್ಲಿ ‘ವಿಶ್ವೇಶ್ವರಯ್ಯ ಮ್ಯೂಸಿಯಂ’ ಎಂದಷ್ಟೇ ಬರೆದರೆ ಚಾಲಕರು ಅಲ್ಲಿಗೇ ಕರೆದೊಯ್ದಾರು.

ಮುದ್ದೇನಹಳ್ಳಿಯದು ಮನೆ. ಮನೆಗೆ ಹೋದಂತೆ ಹೋಗಬೇಕು. ಹನ್ನೆರಡು-ಹದಿನೈದು ಮಕ್ಕಳ ತಂಡ ಮಾಡಿ. ಒಂದು ತಂಡ ಒಳಗಿದ್ದಾಗ ಉಳಿದವರು ಅವರ ಸಮಾಧಿಯ ಕಡೆಗೋ ಹೊರಗಿರುವ ಕೃಷ್ಣರಾಜಸಾಗರದ ಮಾದರಿಯ ಕಡೆಗೋ ಇರಲಿ. ಒಳಗೆ ಅವರ ಕನ್ನಡಕ, ಲೋಟಗಳು, ಬಿರುದು-ಸನ್ಮಾನಗಳಿವೆ. ನಮ್ಮ ಕಣ್ಣಿಗೆ ಅಲ್ಲಿನ ಅತ್ಯಂತ ಒಳ್ಳೆಯ ವಸ್ತು ಅವರ ವಿಸಿಟಿಂಗ್ ಕಾರ್ಡು ಅಚ್ಚು ಹಾಕುತ್ತಿದ್ದ ಬ್ಲಾಕುಗಳು. ಅಕ್ಷರ ತಿರುಗುಮುರುಗಾಗಿರುವುದನ್ನು ಮಕ್ಕಳು ತಾವೇ ಓದಲಿ. ಫೋಟೊ ಆಮೇಲೆ. ಪ್ರತಿ ಮಗುವೂ ಒಂದು ಪ್ರಶ್ನೆ ಬರೆದುಕೊಂಡು ಹೋಗಲಿ, ಉತ್ತರ ಸಿಕ್ಕಿತೋ ಇಲ್ಲವೋ ಎಂದು ಬಸ್ಸಿನಲ್ಲಿ ಹೇಳಲಿ. ಕೃಷ್ಣರಾಜಸಾಗರದ ಮಾದರಿಯ ಮುಂದೆ ನಿಂತು ‘ಇದರಲ್ಲಿ ತಾನಾಗಿ ತೆರೆಯುವ ಗೇಟು ಯಾವುದು?’ ಎಂದು ಕೇಳುವ ಒಂದೇ ಒಂದು ಮಗು ಇದ್ದರೂ ಟಬ್ಬಿಗೆ ಹಾಕಿದ ದುಡ್ಡು ದಂಡವಾಗಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಲೆನಾಡಿನವರು ಇನ್ನೊಂದು ಹೆಸರನ್ನು ಮರೆಯುತ್ತಿದ್ದೇವೆ. ಸಾಗರ ತಾಲ್ಲೂಕಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಜೋಗದ ವಿದ್ಯುತ್ ಯೋಜನೆಗಾಗಿ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ತಲೆ ಎತ್ತಿದಾಗ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಅದರಲ್ಲಿ ಕಾಣುವ ಸೈಫನ್‌ಗಳನ್ನೂ (ನೀರನ್ನು ಬಾಗಿನ ಮೇಲೆ ಹತ್ತಿಸಿ ಕೆಳಕ್ಕೆ ಎಳೆದು ಹರಿಸುವ ಕೊಳವೆಗಳು) ಜನ ವಿಶ್ವೇಶ್ವರಯ್ಯನವರ ಖಾತೆಗೇ ಬರೆಯುತ್ತಾರೆ. ಅವು ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವೊಲ್ಯೂಟ್ (ಸುರುಳಿ) ಸೈಫನ್‌ಗಳು. ವಿಶ್ವೇಶ್ವರಯ್ಯನವರ ಗೇಟು ತೂಕದ ಮೇಲೆ ನಿಂತದ್ದು. ಇದರಲ್ಲಿ ತೂಕವೂ ಇಲ್ಲ, ಸರಪಳಿಯೂ ಇಲ್ಲ, ಅಲುಗುವ ಭಾಗವೇ ಇಲ್ಲ.

ನೆಟ್ಟಗೆ ನಿಂತ ಒಂದು ದೊಡ್ಡ ಕೊಳವೆ, ಅದರ ಬಾಯಿ ಆಲಿಕೆಯಂತೆ ಅಗಲ, ಮೇಲೆ ಕವುಚಿ ಹಾಕಿದ ಗುಮ್ಮಟ. ನೀರು ಮಟ್ಟ ದಾಟಿದರೆ ಗುಮ್ಮಟದ ಅಂಚಿನಡಿಯಿಂದ ನುಗ್ಗಿ ಆಲಿಕೆಯ ತುಟಿಯ ಮೇಲಿಂದ ಒಳಗೆ ಬೀಳುತ್ತದೆ. ತುಟಿಯ ಮೇಲೆ ಬಾಗಿದ ರೆಕ್ಕೆಗಳಿರುವುದರಿಂದ ನೀರು ಸುಳಿಯಾಗಿ ಸುತ್ತುತ್ತಾ ಇಳಿದು, ಗುಮ್ಮಟದೊಳಗಿನ ಗಾಳಿಯನ್ನು ಜೊತೆಗೇ ಎಳೆದೊಯ್ಯುತ್ತದೆ. ಗಾಳಿ ಖಾಲಿಯಾಯಿತೆಂದರೆ ಕೊಳವೆ ಪೂರ್ತಿ ತುಂಬಿ ಸೈಫನ್ ಹಿಡಿದುಕೊಳ್ಳುತ್ತದೆ. ಮಟ್ಟ ಇಳಿದಾಗ ಗುಮ್ಮಟಕ್ಕೆ ಜೋಡಿಸಿದ ಗಾಳಿಕೊಳವೆಯ ಬಾಯಿ ತೆರೆದು, ಗಾಳಿ ಒಳಹೊಕ್ಕು, ಹರಿವು ಕಡಿದುಹೋಗುತ್ತದೆ.

ಆ ರೆಕ್ಕೆಗಳು ಯಾಕೆ ಬೇಕೆಂಬುದನ್ನು ಒಂದು ಬಾಟಲಿಯಲ್ಲಿ ತೋರಿಸಬಹುದು. ಒಂದು ಲೀಟರ್ ಬಾಟಲಿಯ ತಳ ಕತ್ತರಿಸಿ ಕವುಚಿ ಹಿಡಿಯಿರಿ. ಮುಚ್ಚಳದ ತೂತಿನಿಂದ ಬಗ್ಗುವ ನಳಿಕೆಯೊಂದನ್ನು ಒಳಗೆ ತೂರಿಸಿ, ಮೇಲೆ ಕೊಕ್ಕೆಯಂತೆ ಬಗ್ಗಿಸಿ, ತುದಿ ಮುಚ್ಚಳದ ಹತ್ತಿರಕ್ಕೆ ಬರುವಂತೆ ಕಟ್ಟಿ. ನಳಿಕೆಯ ಸುತ್ತ ಎಂ-ಸೀಲ್ ಹಚ್ಚಿ. ಧಾರಾಳವಾಗಿ ನೀರು ಸುರಿದರೆ, ಬಾಗು ಮುಳುಗಿದ ಕೂಡಲೇ ಸೈಫನ್ ಹಿಡಿದು ಬಾಟಲಿ ಬರಿದಾಗುತ್ತದೆ. ಈಗ ಮತ್ತೆ ತುಂಬಿ, ಬಾಗಿನ ಹತ್ತಿರ ಬಂದಾಗ ಹನಿಹನಿಯಾಗಿ ಬಿಡಿ. ನಳಿಕೆ ದಪ್ಪಗಿದ್ದರೆ ನೀರು ಅದರ ಒಂದು ಮಗ್ಗುಲಲ್ಲಿ ತೊಟ್ಟಿಕ್ಕುತ್ತಾ ಹೋಗುತ್ತದೆ, ಗಾಳಿ ಅಲ್ಲೇ ಉಳಿಯುತ್ತದೆ, ಸೈಫನ್ ಹಿಡಿಯುವುದೇ ಇಲ್ಲ. ಹಲವು ಅಡಿ ಅಗಲದ ಕೊಳವೆಯಲ್ಲಿ ಇದೇ ದೊಡ್ಡ ತಲೆನೋವು. ತೆಳ್ಳಗಿನ ನೀರಿನಿಂದಲೇ ಗಾಳಿಯನ್ನು ಹೊರಹಾಕಿಸಿದ್ದು ಗಣೇಶ್ ಅಯ್ಯರ್ ಅವರ ಜಾಣ್ಮೆ.

ಹಿರೇಭಾಸ್ಕರಕ್ಕೆ ಮಕ್ಕಳನ್ನು ಕರೆದೊಯ್ಯಿರೆಂದು ನಾವು ಹೇಳುವುದಿಲ್ಲ. ಎಲ್ಲ ವರ್ಷವೂ ಅದು ಕಾಣುವುದಿಲ್ಲ. ಕಂಡಾಗಲೂ ಸುತ್ತಲಿನ ಹೂಳು ಮೇಲೆ ಒಣಗಿದಂತಿದ್ದು ಒಳಗೆ ಹಸಿಯಿರುತ್ತದೆ, ಮೊಣಕಾಲವರೆಗೆ ಹೂತುಕೊಳ್ಳುವುದುಂಟು. ಇಂಥದೇ ಸೈಫನ್ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ಶಿಂಷಾ ನದಿಯ ಮೇಲಿದೆ. ಬೆಂಗಳೂರಿನಿಂದ ಮರಳುವಾಗ ತುಮಕೂರಿನ ಬದಲು ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಅರಸೀಕೆರೆ ದಾರಿ ಹಿಡಿದರೆ ಹೆಚ್ಚು ಸುತ್ತಾಗದು. ಜಲಾಶಯ ತುಂಬಿರುವ ದಿನಗಳಲ್ಲಿ ಏರಿಯ ಮೇಲಿಂದಲೇ ನೋಡಿ, ಕೆಳಗೆ ನೀರು ಹೊರಬೀಳುವ ಕಡೆ ಮಕ್ಕಳನ್ನು ಇಳಿಸಬೇಡಿ. ಸೈಫನ್ ಹಿಡಿಯುವ ಹೊತ್ತನ್ನು ಮೊದಲೇ ಹೇಳಲಾಗದು, ಹಿಡಿದರೆ ಹರಿವು ಒಮ್ಮೆಲೇ ಏರುತ್ತದೆ.

ಇತಿ,
ನೀರಾವರಿ ಇಲಾಖೆಯ ಕೆಲವು ನಿವೃತ್ತ ಎಂಜಿನಿಯರುಗಳು ಮತ್ತು ವಿಜ್ಞಾನ ಶಿಕ್ಷಕರು
ಶಿವಮೊಗ್ಗ